ಎರಡೇ ಸಾಮಗ್ರಿಯ ಪದರು ಸಿಹಿ

ಪಾಲ್ಮಿಯೆ ಎಂಬುದು ಫ್ರಾನ್ಸಿನ ಬೇಕರಿಗಳಿಂದ ಹೊರಟು ಇಂದು ಜಗತ್ತಿನ ಹಲವೆಡೆ ಹಲವು ಹೆಸರುಗಳಿಂದ ಬಳಕೆಯಲ್ಲಿರುವ, ಕಚ್ಚಿದರೆ ಗರಿಗರಿಯಾಗಿ ಮುರಿಯುವ, ಮೈಮೇಲೆ ಸಕ್ಕರೆ ಕರಗಿ ಹೊಂಬಣ್ಣಕ್ಕೆ ತಿರುಗಿದ ಒಂದು ಸಣ್ಣ ತಿನಿಸು. ಅದಕ್ಕೆ ಬೇಕಾಗುವ ಸಾಮಗ್ರಿ ಎರಡೇ: ಪಫ್ ಪೇಸ್ಟ್ರಿ ಎಂದು ಕರೆಯುವ ಪದರುಪದರಾದ ಕಣಕದ ಹಾಳೆ ಮತ್ತು ಸಕ್ಕರೆ. ಮೊಟ್ಟೆ, ಹಾಲು, ಸೋಡಾ, ಯೀಸ್ಟ್ ಯಾವುದೂ ಬೇಡ. ಹಾಳೆಯನ್ನು ಅಂಗಡಿಯಿಂದ ತಂದಿಟ್ಟುಕೊಂಡಿದ್ದರೆ ಕೈಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಉಳಿದ ಹೊತ್ತು ಫ್ರಿಜ್ಜಿಗೂ ಓವನ್ನಿಗೂ ಸೇರಿದ್ದು. ಆದರೂ ಮೊದಲ ಬಾರಿ ಮಾಡಿದವರಲ್ಲಿ ಅನೇಕರಿಗೆ ಅದು ಅರಳದೆ, ಜಿಡ್ಡು ಜಿಡ್ಡಾಗಿ, ಹಪ್ಪಳದಂತೆ ಚಪ್ಪಟೆಯಾಗಿ ಬರುತ್ತದೆ. ಇದಕ್ಕೆ ಕೈಗುಣಕ್ಕಿಂತ ಹೆಚ್ಚಾಗಿ, ಕೊಂಡು ತಂದ ಹಾಳೆಯೊಳಗೆ ಏನಿದೆ, ಅದು ಶಾಖಕ್ಕೆ ಹೇಗೆ ಸ್ಪಂದಿಸುತ್ತದೆ ಎಂಬ ತಿಳಿವಳಿಕೆಯ ಕೊರತೆಯೇ ಕಾರಣ.

ಫ್ರೆಂಚ್ ಭಾಷೆಯಲ್ಲಿ ಪಾಲ್ಮಿಯೆ ಎಂದರೆ ತಾಳೆಯ ಜಾತಿಯ ಮರ. ಎರಡು ಕಡೆಯಿಂದಲೂ ಸುರುಳಿ ಸುತ್ತಿ ನಡುವೆ ಕೂಡಿಕೊಂಡ ತಿನಿಸಿನ ಆಕಾರ ತಾಳೆಗರಿಯನ್ನು ಹೋಲುವುದರಿಂದ ಈ ಹೆಸರು ಬಂದಿತು. ಅದೇ ಆಕಾರ ಜರ್ಮನ್ನರಿಗೆ ಹಂದಿಯ ಕಿವಿಯಾಗಿ, ಇಂಗ್ಲಿಷ್ ಮಾತನಾಡುವ ಹಲವರಿಗೆ ಆನೆಯ ಕಿವಿಯಾಗಿ, ಚೀನಾದ ಶಾಂಘೈ ನಗರದವರಿಗೆ ಚಿಟ್ಟೆಯಾಗಿ ಕಂಡಿದೆ. ಶಾಂಘೈನ ಪಾರ್ಕ್ ಹೋಟೆಲಿನ ಬೇಕರಿಯ ಮುಂದೆ ಈ ಚಿಟ್ಟೆ ತಿನಿಸಿಗಾಗಿ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಭಾರತದ ಕಿರಾಣಿ ಅಂಗಡಿಗಳಲ್ಲಿ ದೊರೆಯುವ, ಸಕ್ಕರೆ ಹರಳು ಮೆತ್ತಿದ ಲಿಟಲ್ ಹಾರ್ಟ್ಸ್ ಬಿಸ್ಕತ್ತನ್ನು ತಿಂದವರಿಗೂ ಈ ಹೃದಯಾಕಾರದ ಪರಿಚಯವಿದೆ, ಆದರೆ ಪೊಟ್ಟಣದ ಬಿಸ್ಕತ್ತಿಗೂ ಓವನ್ನಿನಿಂದ ಆಗಷ್ಟೇ ಇಳಿಸಿದ ಪಾಲ್ಮಿಯೆಗೂ ಇರುವ ಅಂತರ ಅಂಗಡಿಯ ಚಕ್ಕುಲಿಗೂ ಬಾಣಲೆಯಿಂದ ತೆಗೆದ ಚಕ್ಕುಲಿಗೂ ಇರುವಷ್ಟೇ ದೊಡ್ಡದು.

ಪಫ್ ಪೇಸ್ಟ್ರಿಯ ತತ್ತ್ವವನ್ನು ಕನ್ನಡ ಓದುಗರಿಗೆ ವಿವರಿಸಲು ದೂರ ಹೋಗಬೇಕಾಗಿಲ್ಲ, ಮದುವೆಮನೆಯ ಚಿರೋಟಿಯೇ ಸಾಕು. ಮೈದಾ ಅಥವಾ ಚಿರೋಟಿ ರವೆಯ ಕಣಕವನ್ನು ತೆಳ್ಳಗೆ ಲಟ್ಟಿಸಿ, ತುಪ್ಪ ಮತ್ತು ಅಕ್ಕಿಹಿಟ್ಟನ್ನು ಕಲಸಿದ ಸಾಟಿಯನ್ನು ಅದರ ಮೇಲೆ ಸವರಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ, ಕತ್ತರಿಸಿ, ಮತ್ತೆ ಒತ್ತಿ ಲಟ್ಟಿಸಿ ಕರಿದಾಗ ಪದರುಗಳು ಬಿಚ್ಚಿಕೊಳ್ಳುವುದನ್ನು ಅಡುಗೆ ಬಲ್ಲ ಎಲ್ಲರೂ ಕಂಡಿದ್ದಾರೆ. ಕಣಕದ ಎರಡು ಪದರಗಳ ನಡುವೆ ಜಿಡ್ಡು ಇದ್ದರೆ ಅವು ಒಂದಕ್ಕೊಂದು ಅಂಟಿಕೊಳ್ಳಲಾರವು. ಶಾಖ ತಗುಲಿದಾಗ ಕಣಕದೊಳಗಿನ ನೀರು ಆವಿಯಾಗಿ ಹೊರಬರಲು ಯತ್ನಿಸುತ್ತದೆ, ದಾರಿ ಸಿಗದೆ ಪದರಗಳನ್ನು ಎತ್ತುತ್ತದೆ. ಸಾಟಿಯ ಜಾಗದಲ್ಲಿ ಬೆಣ್ಣೆಯನ್ನೂ, ಎಣ್ಣೆಯ ಬಾಣಲೆಯ ಜಾಗದಲ್ಲಿ ಓವನ್ನನ್ನೂ ಇಟ್ಟರೆ ಅದೇ ಪಫ್ ಪೇಸ್ಟ್ರಿ. ಒಂದು ಮುಖ್ಯ ವ್ಯತ್ಯಾಸವೆಂದರೆ, ತುಪ್ಪದಲ್ಲಿ ನೀರಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಬೆಣ್ಣೆಯಲ್ಲಾದರೋ ನೂರಕ್ಕೆ ಸುಮಾರು 16ರಷ್ಟು ನೀರೇ ಇರುತ್ತದೆ, ಆದ್ದರಿಂದ ಬೆಣ್ಣೆಯ ಪದರವೂ ತನ್ನ ಪಾಲಿನ ಆವಿಯನ್ನು ಕೊಡುತ್ತದೆ. ನೀರು ಆವಿಯಾದಾಗ ಅದರ ಗಾತ್ರ ಸಾವಿರದ ಆರುನೂರು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ ಎಂಬುದನ್ನು ನೆನೆದರೆ, ಯೀಸ್ಟಿನ ನೆರವೇ ಇಲ್ಲದೆ ಒಂದು ತೆಳು ಹಾಳೆ ಹಲವು ಪಟ್ಟು ಎತ್ತರಕ್ಕೆ ಏಳುವುದು ಆಶ್ಚರ್ಯವೆನಿಸುವುದಿಲ್ಲ.

ಪದರಗಳ ಲೆಕ್ಕವೂ ಸೊಗಸಾದದ್ದು. ಫ್ರೆಂಚ್ ಪದ್ಧತಿಯಲ್ಲಿ ಮೈದಾ, ನೀರು, ಉಪ್ಪು ಮತ್ತು ತುಸು ಬೆಣ್ಣೆ ಸೇರಿಸಿ ನಾದಿದ ಕಣಕದೊಳಗೆ ತಣ್ಣನೆಯ ಬೆಣ್ಣೆಯ ಚಪ್ಪಟೆ ಹಲಗೆಯನ್ನಿಟ್ಟು, ಹೋಳಿಗೆಯ ಹೂರಣವನ್ನು ಮುಚ್ಚುವಂತೆ ಮುಚ್ಚಿ, ಉದ್ದಕ್ಕೆ ಲಟ್ಟಿಸಿ, ಪತ್ರವನ್ನು ಮಡಿಸಿದಂತೆ ಮೂರು ಮಡಿಕೆ ಹಾಕುತ್ತಾರೆ. ಒಂದು ಬೆಣ್ಣೆಯ ಪದರ ಹೀಗೆ ಮೂರಾಗುತ್ತದೆ. ಮತ್ತೆ ಲಟ್ಟಿಸಿ ಮಡಿಸಿದರೆ ಒಂಬತ್ತು, ಮತ್ತೊಮ್ಮೆ ಇಪ್ಪತ್ತೇಳು. ಆರು ಬಾರಿ ಮಡಿಸಿದರೆ 729 ಪದರ. ಫ್ರೆಂಚರು ಈ ಕಣಕದಿಂದ ಮಾಡುವ ಮತ್ತೊಂದು ಪ್ರಸಿದ್ಧ ಸಿಹಿಗೆ ಸಾವಿರ ಎಲೆ ಎಂಬ ಅರ್ಥ ಬರುವ ಮಿಲ್‌ಫ಼ೈ ಎಂದು ಹೆಸರಿಟ್ಟಿದ್ದರಲ್ಲಿ ಉತ್ಪ್ರೇಕ್ಷೆ ಅಷ್ಟೇನೂ ಇಲ್ಲ. 17ನೇ ಶತಮಾನದ ನಡುಭಾಗದ ಫ್ರೆಂಚ್ ಪಾಕಗ್ರಂಥಗಳಲ್ಲಿಯೇ ಇಂತಹ ಕಣಕದ ವಿವರಣೆ ಸಿಗುತ್ತದೆ.

ಅಷ್ಟು ಮಡಿಕೆಗಳನ್ನು ಮನೆಯಲ್ಲಿ ಹಾಕುವುದು ಅಸಾಧ್ಯವಲ್ಲ, ಆದರೆ ಅದು ಅರ್ಧ ದಿನದ ಕೆಲಸ. ಲಟ್ಟಿಸಿದಾಗಲೆಲ್ಲ ಮೈದಾದೊಳಗಿನ ಗ್ಲುಟೆನ್, ಅಂದರೆ ನೀರು ತಾಗಿ ನಾದಿದಾಗ ಹುಟ್ಟುವ ಎಳೆಎಳೆಯಾದ ಅಂಟು ಪ್ರೋಟೀನು, ರಬ್ಬರಿನಂತೆ ಬಿಗಿದುಕೊಳ್ಳುತ್ತದೆ. ಅದು ಸಡಿಲವಾಗಲೆಂದು ಎರಡು ಮಡಿಕೆಗೊಮ್ಮೆ ಅರ್ಧ ಗಂಟೆಯೋ ಒಂದು ಗಂಟೆಯೋ ಫ್ರಿಜ್ಜಿನಲ್ಲಿ ಇಡಬೇಕು. ಬೆಣ್ಣೆ ಮತ್ತು ಕಣಕ ಎರಡರ ಬಿಗುಪೂ ಒಂದೇ ಹದದಲ್ಲಿರಬೇಕು: ಬೆಣ್ಣೆ ಮೆತ್ತಗಾದರೆ ಕಣಕ ಅದನ್ನು ಹೀರಿಕೊಂಡು ಪದರ ಅಳಿಸಿಹೋಗುತ್ತದೆ, ತೀರ ಗಟ್ಟಿಯಾದರೆ ಅದು ಗಾಜಿನಂತೆ ಒಡೆದು ಕಣಕವನ್ನು ಹರಿಯುತ್ತದೆ. ಬೆಣ್ಣೆ ಪೂರ್ತಿ ಕರಗುವುದು 32ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮೆತ್ತಗಾಗತೊಡಗುವುದು ಅದಕ್ಕಿಂತ ಎಷ್ಟೋ ಮೊದಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳ ಅಡುಗೆಮನೆಯಲ್ಲಿ, ಹವಾನಿಯಂತ್ರಣವಿಲ್ಲದೆ, ಬೆಣ್ಣೆಯ ಹಲಗೆಯನ್ನು ಆರು ಬಾರಿ ಲಟ್ಟಿಸುವ ಸಾಹಸಕ್ಕೆ ಯಾರನ್ನೂ ಹುರಿದುಂಬಿಸುವುದು ನ್ಯಾಯವಲ್ಲ. ತಣ್ಣನೆಯ ಯಂತ್ರಶಾಲೆಯಲ್ಲಿ ಉರುಳೆಗಳ ನಡುವೆ ಲಟ್ಟಿಸಿ, ಮಡಿಸಿ, ಹೆಪ್ಪುಗಟ್ಟಿಸಿದ ಹಾಳೆಯನ್ನು ಕೊಂಡು ತರುವುದು ಇಲ್ಲಿ ಸೋಮಾರಿತನವೆನಿಸಿಕೊಳ್ಳಲಾರದು.

ಅಷ್ಟಕ್ಕೂ ಕಷ್ಟದ ಭಾಗವನ್ನು ಬಲ್ಲವರಿಗೆ ಬಿಟ್ಟು ಉಳಿದದ್ದನ್ನು ಮನೆಯಲ್ಲಿ ಮಾಡುವುದು ಈ ನಾಡಿನಲ್ಲಿ ಹೊಸ ರೂಢಿಯೇನಲ್ಲ. ಬೆಂಗಳೂರಿನ ಮನೆಗಳಲ್ಲಿ ಹಿತಕಿದ ಅವರೆಬೇಳೆಯನ್ನು ಸೇರಿನ ಲೆಕ್ಕದಲ್ಲಿ ಕೊಂಡು ತಂದು ಸಾರು ಮಾಡುತ್ತಾರೆ, ಶಾವಿಗೆಯನ್ನು ಕೊಂಡು ಪಾಯಸ ಮಾಡುತ್ತಾರೆ, ದೋಸೆ ಹಿಟ್ಟಿನ ಪೊಟ್ಟಣ ತಂದು ದೋಸೆ ಹುಯ್ಯುತ್ತಾರೆ. ಬೆಳಗಾವಿ ಸೀಮೆಯ ಮಂಡಿಗೆಯಂತೂ, ಬೋರಲು ಹಾಕಿದ ಬಾಣಲೆಯ ಮೇಲೆ ಕರವಸ್ತ್ರಕ್ಕಿಂತ ಅಗಲವಾದ ಕಣಕವನ್ನು ಕೈಯಲ್ಲೇ ಬೀಸಿ ಹಾಸುವ ಕೌಶಲವನ್ನು ಬೇಡುವುದರಿಂದ, ಮದುವೆಗಳಲ್ಲಿ ಅದನ್ನು ಬಲ್ಲವರನ್ನೇ ಕರೆಸುವುದು ವಾಡಿಕೆ. ಕೈಲಾಗದವರು ಮನಸ್ಸಿನಲ್ಲೇ ಮಂಡಿಗೆ ತಿನ್ನುವುದಕ್ಕಿಂತ ಬಲ್ಲವರಿಂದ ಪಡೆದು ತಿನ್ನುವುದು ಮೇಲೆಂದು ಹಿಂದಿನವರು ಬಲ್ಲರು.

ಸಿದ್ಧ ಕಣಕವನ್ನು ಮನೆಮಾತಾಗಿಸಿದ್ದು ಮುಖ್ಯವಾಗಿ ಅಮೆರಿಕ. ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಬೇಕರಿಯವನಾದ ಲೈವ್ಲಿ ವಿಲ್ಲೋಬಿ ಎಂಬವನು ಕಣಕದ ಬಿಲ್ಲೆಗಳನ್ನು ರಟ್ಟಿನ ಕೊಳವೆಯಲ್ಲಿ ತುಂಬಿ ತಣ್ಣಗಿಟ್ಟು ಮಾರುವ ವಿಧಾನಕ್ಕೆ 1931ರಲ್ಲಿ ಪೇಟೆಂಟ್ ಪಡೆದನು; ಅದನ್ನು ಕೊಂಡು ಮಾರಾಟಕ್ಕೆ ತಂದ ಅದೇ ಊರಿನ ಬ್ಯಾಲರ್ಡ್ ಅಂಡ್ ಬ್ಯಾಲರ್ಡ್ ಸಂಸ್ಥೆಯನ್ನು 1951ರಲ್ಲಿ ಪಿಲ್ಸ್‌ಬರಿ ಸಂಸ್ಥೆ ತನ್ನದಾಗಿಸಿಕೊಂಡಿತು. ಆ ಕೊಳವೆಯ ಕಣಕ ಪಫ್ ಪೇಸ್ಟ್ರಿಗಿಂತ ಬೇರೆ ಬಗೆಯದು, ಅದು ಏಳುವುದು ಬೇಕಿಂಗ್ ಪೌಡರಿನ ಅನಿಲದಿಂದ. ತಂಪಿನಲ್ಲಿ ನಿಧಾನವಾಗಿ, ಬಿಸಿಯಲ್ಲಿ ಚುರುಕಾಗಿ ವರ್ತಿಸುವ ಆಮ್ಲೀಯ ಲವಣವನ್ನು ಸೋಡಾದೊಂದಿಗೆ ಬೆರೆಸಿರುವುದರಿಂದ ಅನಿಲದ ಬಹುಭಾಗ ಓವನ್ನಿಗಾಗಿ ಕಾದಿರುತ್ತದೆ, ಸ್ವಲ್ಪ ಭಾಗ ಮಾತ್ರ ಕೊಳವೆಯೊಳಗೇ ಬಿಡುಗಡೆಯಾಗಿ ಒತ್ತಡ ಹುಟ್ಟಿಸುತ್ತದೆ. ಕೊಳವೆಯನ್ನು ತಿರುಚಿದಾಗ ಟಪ್ಪೆಂದು ಸಿಡಿಯುವುದು ಇದರಿಂದಲೇ. ಪಿಲ್ಸ್‌ಬರಿ ಸಂಸ್ಥೆ 1949ರಿಂದ ನಡೆಸಿದ ಅಡುಗೆ ಸ್ಪರ್ಧೆಯಲ್ಲಿ 1969ರಲ್ಲಿ ಗೆದ್ದ ತಿನಿಸು ಸಿದ್ಧ ಕಣಕದ್ದು. ಮಾರ್ಷ್‌ಮೆಲ್ಲೋ ಎಂಬ ಹತ್ತಿಯಂತಹ ಸಕ್ಕರೆ ಮಿಠಾಯಿಯ ಉಂಡೆಯನ್ನು ಕರಗಿಸಿದ ಬೆಣ್ಣೆಯಲ್ಲೂ ಚಕ್ಕೆಪುಡಿ ಬೆರೆತ ಸಕ್ಕರೆಯಲ್ಲೂ ಹೊರಳಿಸಿ ಕಣಕದಲ್ಲಿ ಸುತ್ತಿ ಬೇಯಿಸಿದರೆ, ಒಳಗಿನ ಉಂಡೆ ಪೂರ್ತಿ ಕರಗಿ ಮಾಯವಾಗಿ ಸಿಹಿ ಸವರಿದ ಒಂದು ಟೊಳ್ಳು ಮಾತ್ರ ಉಳಿಯುತ್ತದೆ. ಕೊಂಡ ಕಣಕದಲ್ಲಿಯೂ ಕಲ್ಪನೆಗೆ ಎಷ್ಟು ಎಡೆಯಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಸಾಮಾನ್ಯ ಮಾರ್ಷ್‌ಮೆಲ್ಲೋದಲ್ಲಿ ಪ್ರಾಣಿಜನ್ಯವಾದ ಜೆಲಟಿನ್ ಇರುತ್ತದೆ ಎಂಬುದನ್ನು ಸಸ್ಯಾಹಾರಿಗಳು ಗಮನಿಸಬೇಕು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಕೊಳವೆಗಳು ಯಾವ ಅಂಗಡಿಯಲ್ಲೂ ಸಿಗುತ್ತವೆ. ಕರ್ನಾಟಕದ ನಗರಗಳ ದೊಡ್ಡ ಅಂಗಡಿಗಳ ಫ್ರೀಜರಿನಲ್ಲಿ ಹುಡುಕಿದರೆ ಸಿಗುವುದು ಹೆಚ್ಚಾಗಿ ಪಫ್ ಪೇಸ್ಟ್ರಿಯ ಹಾಳೆ.

ಆ ಹಾಳೆಯನ್ನು ಬುಟ್ಟಿಗೆ ಹಾಕುವ ಮುನ್ನ ಪೊಟ್ಟಣದ ಹಿಂಬದಿಯನ್ನು ಓದುವುದು ಈ ಇಡೀ ಕೆಲಸದ ಅತಿ ಮುಖ್ಯ ಹೆಜ್ಜೆ. ಪಫ್ ಪೇಸ್ಟ್ರಿಯ ತೂಕದಲ್ಲಿ ಮೂರನೆಯ ಒಂದು ಭಾಗದ ಆಸುಪಾಸು ಕೊಬ್ಬೇ ಆಗಿರುವುದರಿಂದ, ಆ ಕೊಬ್ಬು ಯಾವುದು ಎಂಬುದು ರುಚಿಯನ್ನೂ ಆರೋಗ್ಯವನ್ನೂ ನಿರ್ಧರಿಸುತ್ತದೆ. ಬೆಲೆ ತಗ್ಗಿಸಲೂ ಸೆಕೆಯಲ್ಲಿ ಕೆಲಸ ಸುಲಭವಾಗಲೂ ತಯಾರಕರು ಬೆಣ್ಣೆಯ ಬದಲು ಮಾರ್ಗರೀನ್ ಬಳಸುವುದುಂಟು. ಮಾರ್ಗರೀನ್ ಎಂದರೆ ತಾಳೆ ಎಣ್ಣೆಯಂತಹ ಸಸ್ಯಜನ್ಯ ಎಣ್ಣೆಗಳನ್ನು ಗಟ್ಟಿಗೊಳಿಸಿ ಬೆಣ್ಣೆಯ ರೂಪಕ್ಕೆ ತಂದ ಕೊಬ್ಬು. ಪಫ್ಸ್‌ಗೆಂದೇ ತಯಾರಿಸುವ ಮಾರ್ಗರೀನ್ ಬೆಣ್ಣೆಗಿಂತ ಹೆಚ್ಚಿನ ಶಾಖದಲ್ಲಿ ಕರಗುತ್ತದೆ. ಆದ್ದರಿಂದ ಹಾಳೆ ಚೆನ್ನಾಗಿ ಏಳುತ್ತದೆ, ಆದರೆ ಬಾಯಿಯ ಶಾಖಕ್ಕೂ ಪೂರ್ತಿ ಕರಗದೆ ಅಂಗುಳಿಗೆ ಮೇಣದಂತೆ ಅಂಟುತ್ತದೆ. ತರಕಾರಿ ಪಫ್ಸ್‌ನಲ್ಲಿ ಒಳಗಿನ ಖಾರದ ಪಲ್ಯ ಆ ದೋಷವನ್ನು ಮರೆಸೀತು, ಆದರೆ ಎರಡೇ ಸಾಮಗ್ರಿಯ ಪಾಲ್ಮಿಯೆಯಲ್ಲಿ ಮರೆಮಾಚಲು ಏನೂ ಇಲ್ಲ.

ಎಣ್ಣೆಯನ್ನು ಅರೆಬರೆಯಾಗಿ ಹೈಡ್ರೋಜನೀಕರಿಸಿದಾಗ, ಅಂದರೆ ಹೈಡ್ರೋಜನ್ ಸೇರಿಸಿ ಗಟ್ಟಿಗೊಳಿಸಿದಾಗ, ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯರೋಗಕ್ಕೆ ದಾರಿಮಾಡುತ್ತದೆ ಎಂಬುದು ಖಚಿತವಾದ ಸಂಗತಿ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ, ಕೊಬ್ಬುಗಳಲ್ಲಿ ಅದರ ಮಿತಿಯನ್ನು 2021ರಲ್ಲಿ ಶೇಕಡಾ 3ಕ್ಕೂ 2022ರ ಜನವರಿಯಿಂದ ಶೇಕಡಾ 2ಕ್ಕೂ ಇಳಿಸಿತು, ಇದು ಬಹುಕಾಲದಿಂದ ಆಗಬೇಕಾಗಿದ್ದ ಒಳ್ಳೆಯ ಕೆಲಸ. ಹಾಗಿದ್ದರೂ ಟ್ರಾನ್ಸ್ ಕೊಬ್ಬು ಇಲ್ಲವೆಂದ ಮಾತ್ರಕ್ಕೆ ಪದಾರ್ಥ ಹಗುರವೆಂದು ಭಾವಿಸಬಾರದು, ಬೆಣ್ಣೆಯಲ್ಲೂ ತಾಳೆ ಎಣ್ಣೆಯಲ್ಲೂ ಸಂತೃಪ್ತ ಕೊಬ್ಬು ಧಾರಾಳವಾಗಿಯೇ ಇದೆ. ಹೇಗೂ ಅಪರೂಪಕ್ಕೆ ತಿನ್ನುವ ಸಿಹಿಯಾದ್ದರಿಂದ ಕೊಂಚ ಹೆಚ್ಚು ಹಣ ತೆತ್ತಾದರೂ ಬೆಣ್ಣೆಯ ಹಾಳೆಯನ್ನೇ ಕೊಳ್ಳಬೇಕು. ಪೊಟ್ಟಣದ ಮುಂದೆ ಬೆಣ್ಣೆಯ ಚಿತ್ರವಿರುವುದು ಸಾಕ್ಷಿಯಲ್ಲ. ಸಾಮಗ್ರಿಗಳ ಪಟ್ಟಿಯಲ್ಲಿ ಬೆಣ್ಣೆ ಎಂಬ ಪದ ಮೈದಾದ ಬೆನ್ನಿಗೇ ಬರಬೇಕು, ಏಕೆಂದರೆ ಪಟ್ಟಿಯಲ್ಲಿ ಹೆಚ್ಚು ತೂಕದ ಸಾಮಗ್ರಿಯೇ ಮೊದಲು ಬರುವುದು ನಿಯಮ. ಪೊಟ್ಟಣವನ್ನು ಮುಟ್ಟಿ ನೋಡಿದಾಗ ಹಾಳೆಗಳು ಒಂದಕ್ಕೊಂದು ಅಂಟಿ ಸೊಟ್ಟಗಾಗಿದ್ದರೆ, ಅಥವಾ ಒಳಗೆ ಮಂಜಿನ ಹರಳು ದಟ್ಟವಾಗಿದ್ದರೆ, ವಿದ್ಯುತ್ ಹೋದಾಗಲೋ ಸಾಗಣೆಯಲ್ಲೋ ಅದು ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದು ತಿಳಿಯಬೇಕು. ಅಂತಹ ಹಾಳೆ ಎಷ್ಟೇ ಅಗ್ಗವಾದರೂ ಬೇಡ.

ಮನೆಗೆ ತಂದ ಹಾಳೆಯನ್ನು ಹಿಂದಿನ ರಾತ್ರಿಯೇ ಫ್ರೀಜರಿನಿಂದ ತೆಗೆದು ಫ್ರಿಜ್ಜಿನ ಕೆಳಭಾಗದಲ್ಲಿ ಇಟ್ಟರೆ ಬೆಳಗಿನ ಹೊತ್ತಿಗೆ ಅದು ಮಡಿಸಿದರೆ ಮುರಿಯದಷ್ಟು, ಆದರೂ ಕೈಗೆ ತಣ್ಣಗೆ ತಾಗುವಷ್ಟು ಹದಕ್ಕೆ ಬಂದಿರುತ್ತದೆ. ಅವಸರವಿದ್ದರೆ ಹೊರಗಿಟ್ಟು ಅರ್ಧ ಗಂಟೆ ಕಾಯಬಹುದು, ಬೇಸಿಗೆಯಲ್ಲಿ ಅಷ್ಟೂ ಬೇಡ. ಸಕ್ಕರೆಯ ವಿಷಯದಲ್ಲಿ ಒಂದು ಸಣ್ಣ ಸೂಕ್ಷ್ಮವಿದೆ: ಇಲ್ಲಿನ ಅಂಗಡಿಗಳ ಸಕ್ಕರೆಯ ಹರಳು ದಪ್ಪವಾದ್ದರಿಂದ ಹಾಳೆಯನ್ನು ಚುಚ್ಚಿ ಪದರಗಳನ್ನು ಹರಿಯುತ್ತದೆ, ನುಣ್ಣಗೆ ಪುಡಿ ಮಾಡಿದರೆ ಕರಗಿ ಅಂಟಾಗಿ ಗರಿಗರಿತನ ಹೋಗುತ್ತದೆ. ಮಿಕ್ಸಿಯಲ್ಲಿ ಒಂದೆರಡು ಸುತ್ತು ಮಾತ್ರ ತಿರುಗಿಸಿ ಉಪ್ಪಿಟ್ಟಿನ ರವೆಯಷ್ಟು ತರಿಯಾಗಿ ಇಳಿಸಿಕೊಳ್ಳುವುದೇ ಸರಿ. ಕಾಲು ಕಿಲೋ ತೂಕದ ಒಂದು ಹಾಳೆಗೆ 80ರಿಂದ 100 ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು ಸಾಕು. ಏಲಕ್ಕಿಯನ್ನು ಬಿಟ್ಟಿರಲಾರದವರು ಎರಡು ಕಾಯಿಯ ಪುಡಿಯನ್ನು ಬೆರೆಸಿದರೆ ತಿನಿಸಿಗೆ ಚಿರೋಟಿಯ ನೆಂಟಸ್ತಿಕೆ ಕೂಡಿಬರುತ್ತದೆ.

ಚಪಾತಿ ಮಣೆಯ ಮೇಲೆ ಹಿಟ್ಟು ಉದುರಿಸುವ ಬದಲು ಸಕ್ಕರೆಯ ಅರ್ಧಭಾಗವನ್ನು ಹರಡಿ, ಅದರ ಮೇಲೆ ಹಾಳೆಯನ್ನು ಹಾಸಿ, ಉಳಿದ ಸಕ್ಕರೆಯನ್ನು ಮೇಲೆ ಹರಡಿ, ಹರಳುಗಳು ಹಾಳೆಯೊಳಗೆ ಕೂರುವಂತೆ ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಬೇಕು. ಇಲ್ಲಿ ಉದ್ದೇಶ ಹಾಳೆಯನ್ನು ತೆಳ್ಳಗೆ ಮಾಡುವುದಲ್ಲ, ಸಕ್ಕರೆಯನ್ನು ಹತ್ತಿಸುವುದು ಮಾತ್ರ. ಬಳಿಕ ಎಡ ಬಲದ ಎರಡು ಅಂಚುಗಳನ್ನೂ ನಡುಗೆರೆಯವರೆಗಿನ ಅರ್ಧ ದೂರಕ್ಕೆ ಮಡಿಸಿ, ಮತ್ತೊಮ್ಮೆ ಎರಡೂ ಕಡೆಯಿಂದ ಮಡಿಸಿದಾಗ ಅವು ನಡುವೆ ಒಂದನ್ನೊಂದು ಮುಟ್ಟುತ್ತವೆ; ಕೊನೆಗೆ ತೆರೆದ ಪುಸ್ತಕವನ್ನು ಮುಚ್ಚುವಂತೆ ಒಂದು ಭಾಗವನ್ನು ಇನ್ನೊಂದರ ಮೇಲೆ ಮುಚ್ಚಬೇಕು. ಹೀಗೆ ಸಿದ್ಧವಾದ ಉದ್ದನೆಯ ದಿಂಡನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಹರಿತವಾದ ಚಾಕುವಿನಿಂದ ಗರಗಸದಂತೆ ಎಳೆಯದೆ ಒಂದೇ ಒತ್ತಿನಲ್ಲಿ, ಒಂದು ಸೆಂಟಿಮೀಟರಿಗೆ ತುಸು ಕಡಿಮೆ ದಪ್ಪದ ಬಿಲ್ಲೆಗಳಾಗಿ ಕತ್ತರಿಸಬೇಕು. ಮೊಂಡು ಚಾಕು ಪದರಗಳ ಅಂಚನ್ನು ಜಜ್ಜಿ ಒಂದಕ್ಕೊಂದು ಬೆಸೆಯುತ್ತದೆ, ಬೆಸೆದ ಅಂಚು ಅರಳಲಾರದು.

ಬಿಲ್ಲೆಗಳನ್ನು ಬಟರ್ ಪೇಪರ್ ಹಾಸಿದ ತಟ್ಟೆಯ ಮೇಲೆ ಕತ್ತರಿಸಿದ ಮೈ ಮೇಲಾಗುವಂತೆ ಮಲಗಿಸಿದಾಗ, ಇಷ್ಟು ಹೊತ್ತು ಅಡ್ಡಲಾಗಿ ಮಲಗಿದ್ದ ಪದರಗಳು ಈಗ ನೆಟ್ಟಗೆ ನಿಂತಿರುತ್ತವೆ. ಪದರಗಳು ಯಾವಾಗಲೂ ತಮ್ಮ ಮೈಗೆ ಲಂಬವಾಗಿಯೇ ದೂರ ಸರಿಯುವುದರಿಂದ ಪಾಲ್ಮಿಯೆ ಪಫ್ಸ್‌ನಂತೆ ಮೇಲಕ್ಕೆ ಏಳದೆ ಅಕ್ಕಪಕ್ಕಕ್ಕೆ ಅರಳುತ್ತದೆ. ಇಟ್ಟಾಗ ಬೆರಳಿನಷ್ಟು ಅಗಲವಿದ್ದ ಬಿಲ್ಲೆ ಬೇಯುತ್ತ ಬೇಯುತ್ತ ಎರಡು ತೋಳು ಚಾಚಿ ಹೃದಯಾಕಾರ ತಾಳುವುದನ್ನು ಓವನ್ನಿನ ಗಾಜಿನ ಮೂಲಕ ನೋಡುವುದೇ ಒಂದು ಸಂತೋಷ, ಮಕ್ಕಳಿಗಂತೂ ಇದನ್ನು ತೋರಿಸಲೇಬೇಕು. ಈ ಕಾರಣಕ್ಕೇ ಎರಡು ಬಿಲ್ಲೆಗಳ ನಡುವೆ ಮೂರು ಬೆರಳಿನಷ್ಟಾದರೂ ಅಂತರ ಬಿಡಬೇಕಾಗುತ್ತದೆ.

ಓವನ್ ಮಾತ್ರ ಮೊದಲೇ ಚೆನ್ನಾಗಿ ಕಾದು 200 ಡಿಗ್ರಿ ಮುಟ್ಟಿರಬೇಕು. ಹಾಳೆ ತಣ್ಣಗೆ, ಓವನ್ ಬಿಸಿ, ನಡುವೆ ಕಾಯುವಿಕೆ ಇಲ್ಲ ಎಂಬುದೇ ಇಲ್ಲಿನ ಗುಟ್ಟು. ಓವನ್ ಅರೆಬೆಚ್ಚಗಿದ್ದರೆ ಆವಿ ಹುಟ್ಟುವ ಮುನ್ನವೇ ಬೆಣ್ಣೆ ಕರಗಿ ತಟ್ಟೆಗೆ ಇಳಿದುಹೋಗುತ್ತದೆ, ಉಳಿದ ಕಣಕ ತನ್ನದೇ ಬೆಣ್ಣೆಯಲ್ಲಿ ಹುರಿದು ಚಪ್ಪಟೆಯಾಗುತ್ತದೆ. ಮೊದಲ ಪ್ರಯತ್ನ ಕೆಡಲು ಬಹುಪಾಲು ಇದೇ ಕಾರಣ. ಕಾದ ಓವನ್ನಿನಲ್ಲಾದರೆ ಆವಿ ಪದರಗಳನ್ನು ಎತ್ತುತ್ತಿರುವಾಗಲೇ ಹಿಟ್ಟಿನ ಪಿಷ್ಟವೂ ಪ್ರೋಟೀನೂ ಬೆಂದು ಗಟ್ಟಿಯಾಗಿ, ಎದ್ದ ಪದರ ಎದ್ದಲ್ಲೇ ನಿಲ್ಲುತ್ತದೆ. ಹತ್ತು ಹನ್ನೆರಡು ನಿಮಿಷಕ್ಕೆ ಅಡಿಭಾಗ ಹೊಂಬಣ್ಣವಾದಾಗ ಚಪ್ಪಟೆ ಸೌಟಿನಿಂದ ಒಂದೊಂದನ್ನೇ ಮಗುಚಿ, ಇನ್ನೂ ನಾಲ್ಕೈದು ನಿಮಿಷ ಬೇಯಿಸಬೇಕು. ಈ ಕೊನೆಯ ನಿಮಿಷಗಳಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ನಡೆಯುತ್ತವೆ. ಸಕ್ಕರೆ ಕರಗಿ, ಒಡೆದು, ಕಂದುಬಣ್ಣದ ಕ್ಯಾರಮೆಲ್ ಆಗುತ್ತದೆ. ಹಿಟ್ಟಿನ ಮತ್ತು ಬೆಣ್ಣೆಯ ಪ್ರೋಟೀನುಗಳು ಸಕ್ಕರೆಯ ಕೆಲವು ರೂಪಗಳೊಡನೆ ಕೂಡಿ ಹುರಿದ ಪರಿಮಳವನ್ನು ಹುಟ್ಟಿಸುತ್ತವೆ. ಎರಡನೆಯದನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮಿಲ್ ಮೈಯಾರ್ ಹೆಸರಿನಿಂದಲೇ ಅದನ್ನು ಮೈಯಾರ್ ಕ್ರಿಯೆ ಎನ್ನುತ್ತಾರೆ. ದೋಸೆಯ ಕೆಂಪು, ಹುರಿದ ಕಾಫಿ ಬೀಜದ ವಾಸನೆ ಎರಡರ ಹಿಂದೆಯೂ ಇರುವುದು ಅದೇ. ಹೊಂಬಣ್ಣ ಕಪ್ಪಿಗೆ ತಿರುಗಲು ಒಂದು ನಿಮಿಷವೂ ಬೇಡವಾದ್ದರಿಂದ ಈ ಹೊತ್ತಿನಲ್ಲಿ ಓವನ್ನಿನ ಮುಂದಿನಿಂದ ಕದಲಬಾರದು. ಕರಗಿದ ಸಕ್ಕರೆ ಕುದಿವ ಎಣ್ಣೆಯಷ್ಟೇ ಅಪಾಯಕಾರಿ, ಆದ್ದರಿಂದ ಮಗುಚುವ ಕೆಲಸವನ್ನು ಮಕ್ಕಳಿಗೆ ಬಿಡಬಾರದು.

ಕರ್ನಾಟಕದ ಮನೆಗಳಲ್ಲಿ ಹೆಚ್ಚಾಗಿ ಇರುವ ಓಟಿಜಿ ಎಂಬ ಸಣ್ಣ ವಿದ್ಯುತ್ ಓವನ್ನಿನಲ್ಲಿ ಮೇಲಿನ ಕೆಳಗಿನ ಎರಡೂ ಸರಳುಗಳನ್ನು ಹಚ್ಚಿ, ತಟ್ಟೆಯನ್ನು ನಡುವಿನ ಅಂಕಣದಲ್ಲಿಡಬೇಕು. ಮೈಕ್ರೋವೇವ್ ಆದರೆ ಅದರಲ್ಲಿ ಕನ್ವೆಕ್ಷನ್ ಸೌಕರ್ಯ, ಅಂದರೆ ಬಿಸಿಗಾಳಿ ಸುತ್ತಿಸಿ ಬೇಯಿಸುವ ವ್ಯವಸ್ಥೆ ಇರಲೇಬೇಕು. ಬರಿಯ ಮೈಕ್ರೋವೇವ್ ತರಂಗ ಮುಖ್ಯವಾಗಿ ನೀರನ್ನು ಕಾಯಿಸುತ್ತದೆಯೇ ಹೊರತು ಮೇಲ್ಮೈಯನ್ನು ಗರಿಗರಿಯಾಗಿಸುವಷ್ಟು ಒಣಶಾಖ ಕೊಡಲಾರದು. ಏರ್ ಫ್ರೈಯರಿನಲ್ಲಿ 180 ಡಿಗ್ರಿಗೆ ನಾಲ್ಕಾರು ಬಿಲ್ಲೆಗಳನ್ನು ಚೆನ್ನಾಗಿಯೇ ಮಾಡಬಹುದು. ಕುಕ್ಕರಿನ ತಳಕ್ಕೆ ಉಪ್ಪು ಹಾಕಿ ಕೇಕ್ ಬೇಯಿಸುವ ರೂಢಿ ಅನೇಕ ಮನೆಗಳಲ್ಲಿದೆ, ಆದರೆ ಪಾಲ್ಮಿಯೆಗೆ ಆ ಉಪಾಯ ಒಗ್ಗುವುದಿಲ್ಲ: ಮುಚ್ಚಳದೊಳಗೆ ಆವಿ ನಿಂತು ಮೇಲ್ಭಾಗ ತೇವವಾಗಿ ಉಳಿಯುತ್ತದೆ, ಅಡಿಭಾಗದ ಸಕ್ಕರೆ ಸೀದುಹೋಗುತ್ತದೆ.

ಸಕ್ಕರೆಯ ಬದಲು ಬೆಲ್ಲ ಬಳಸಬಹುದೇ ಎಂಬ ಪ್ರಶ್ನೆ ಸಹಜ. ಬೆಲ್ಲದಲ್ಲಿ ತೇವವೂ, ಬೇಗ ಕಂದುವ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸಕ್ಕರೆಗಳೂ ಹೆಚ್ಚಾಗಿರುವುದರಿಂದ, ಕಣಕ ಬೇಯುವ ಮುನ್ನವೇ ಅದು ಕಪ್ಪಾಗುತ್ತದೆ. ಒಣಗಿದ ಬೆಲ್ಲದ ಪುಡಿಯನ್ನು ಸಕ್ಕರೆಯೊಂದಿಗೆ ಸಮಪಾಲಾಗಿ ಬೆರೆಸಿ, ಶಾಖವನ್ನು 180 ಡಿಗ್ರಿಗೆ ಇಳಿಸಿ, ತುಸು ಹೆಚ್ಚು ಹೊತ್ತು ಬೇಯಿಸಿದರೆ ಫಲ ಚೆನ್ನಾಗಿರುತ್ತದೆ, ರುಚಿಯಲ್ಲಿ ಬರಿಯ ಸಕ್ಕರೆಯದಕ್ಕಿಂತ ಒಂದು ತೂಕ ಮೇಲೆಂದೇ ಹೇಳಬೇಕು. ಹೂರಣ ತುಂಬುವ ಆಸೆಯುಳ್ಳವರು ಮಾತ್ರ ತೇವದ ಬಗ್ಗೆ ಎಚ್ಚರ ವಹಿಸಬೇಕು, ಏಕೆಂದರೆ ಕಡಲೆಬೇಳೆಯ ಹಸಿ ಹೂರಣ ಒಳಪದರಗಳನ್ನು ಬೇಯಗೊಡದೆ ಹಸಿಹಿಟ್ಟಾಗಿಯೇ ಉಳಿಸುತ್ತದೆ. ಕರ್ಜಿಕಾಯಿಗೆ ಹಾಕುವ ಕೊಬ್ಬರಿ, ಸಕ್ಕರೆ, ಗಸಗಸೆ, ಏಲಕ್ಕಿಯ ಒಣ ಮಿಶ್ರಣವಾದರೆ ಈ ಹಾಳೆಗೆ ಹೇಳಿ ಮಾಡಿಸಿದ್ದು.

ಇದೇ ಹಾಳೆಯಿಂದ ಮಾಡಬಹುದಾದ ಮತ್ತೊಂದು ಸಿಹಿ ಅಯ್ಯಂಗಾರ್ ಬೇಕರಿಗಳ ದಿಲ್‌ಪಸಂದ್. 1898ರಲ್ಲಿ ಹಾಸನ ಮೂಲದ ಎಚ್. ಎಸ್. ತಿರುಮಲಾಚಾರ್ ಬೆಂಗಳೂರಿನಲ್ಲಿ ತೆರೆದ ಬೆಂಗಳೂರು ಬ್ರದರ್ಸ್ ಬೇಕರಿಯಿಂದ ಆರಂಭವಾದದ್ದೆಂದು ಹೇಳಲಾಗುವ ಈ ಬೇಕರಿ ಪರಂಪರೆ, ಪಾಶ್ಚಾತ್ಯ ಓವನ್ನಿನ ವಿದ್ಯೆಯನ್ನು ಕನ್ನಡದ ನಾಲಗೆಗೆ ಒಗ್ಗಿಸಿದ ರೀತಿ ಅಭ್ಯಾಸಯೋಗ್ಯವಾದದ್ದು. ತೆಂಗಿನ ತುರಿ, ಸಕ್ಕರೆ, ಟೂಟಿ ಫ್ರೂಟಿ ತುಂಬಿ ತಟ್ಟೆಯಗಲಕ್ಕೆ ಬೇಯಿಸಿ ತ್ರಿಕೋನವಾಗಿ ಕತ್ತರಿಸಿ ಮಾರುವ ದಿಲ್‌ಪಸಂದನ್ನು ಮನೆಯಲ್ಲಿ ಮಾಡಲು ಎರಡು ಹಾಳೆಗಳನ್ನು ಒಂದೇ ಅಳತೆಗೆ ದುಂಡಗೆ ಕತ್ತರಿಸಿಕೊಳ್ಳಬೇಕು. ಹಸಿ ತೆಂಗಿನ ತುರಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ, ತಣಿಸಿ, ಆ ಮೇಲೆ ಸಕ್ಕರೆ ಬೆರೆಸಬೇಕು. ಕೆಳಹಾಳೆಯನ್ನು ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, ಅಂಚು ಬಿಟ್ಟು ಹೂರಣ ಹರಡಿ, ಅಂಚಿಗೆ ಹಾಲು ಸವರಿ ಮೇಲ್ಹಾಳೆಯನ್ನು ಒತ್ತಿ, ಆವಿ ಹೋಗಲು ನಡುವೆ ನಾಲ್ಕು ಸೀಳು ಕೊಟ್ಟು, 200 ಡಿಗ್ರಿಯಲ್ಲಿ ಸುಮಾರು ಇಪ್ಪತ್ತೈದು ನಿಮಿಷ ಬೇಯಿಸಿದರಾಯಿತು. ಬಿಸಿಯಲ್ಲೇ ಕತ್ತರಿಸಿದರೆ ಪದರು ಪುಡಿಯಾಗುವುದರಿಂದ ಆರುವವರೆಗೆ ತಾಳ್ಮೆ ಬೇಕು.

ಬೆಂದ ಪಾಲ್ಮಿಯೆಗಳನ್ನು ಜಾಲರಿಯ ಮೇಲೆ ಪೂರ್ತಿ ಆರಿಸಿದ ಮೇಲಷ್ಟೇ ಡಬ್ಬಿಗೆ ತುಂಬಬೇಕು, ಬೆಚ್ಚಗಿರುವಾಗಲೇ ಮುಚ್ಚಿಟ್ಟರೆ ಅವುಗಳದೇ ಆವಿ ಅವುಗಳನ್ನು ಮೆತ್ತಗಾಗಿಸುತ್ತದೆ. ಕ್ಯಾರಮೆಲ್ ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣದ್ದು. ಬಯಲುಸೀಮೆಯ ಒಣಹವೆಯಲ್ಲಿ ಬಿಗಿಯಾದ ಸ್ಟೀಲ್ ಡಬ್ಬಿಯೊಳಗೆ ನಾಲ್ಕೈದು ದಿನ ಗರಿಗರಿಯಾಗಿ ಉಳಿಯುವ ತಿನಿಸು ಮಂಗಳೂರು, ಆಗುಂಬೆಗಳ ಮಳೆಗಾಲದಲ್ಲಿ ಮರುದಿನವೇ ಮೆತ್ತಗಾದೀತು. 150 ಡಿಗ್ರಿಯ ಓವನ್ನಿನಲ್ಲಿ ಐದು ನಿಮಿಷ ಇಟ್ಟು ತಣಿಸಿದರೆ ಅದು ಮತ್ತೆ ಹದಕ್ಕೆ ಬರುತ್ತದೆ. ಕತ್ತರಿಸಿ ಉಳಿದ ಚೂರುಗಳನ್ನು ಚಪಾತಿ ಹಿಟ್ಟಿನಂತೆ ಮುದ್ದೆಮಾಡಿ ನಾದಿದರೆ ಪದರಗಳೆಲ್ಲ ಅಳಿಸಿಹೋಗುವುದರಿಂದ, ಅವನ್ನು ಒಂದರ ಮೇಲೊಂದು ಅಡ್ಡಲಾಗಿ ಪೇರಿಸಿ ಮೆಲ್ಲಗೆ ಒತ್ತಿ ಲಟ್ಟಿಸಬೇಕು. ಒಮ್ಮೆ ಕರಗಿದ ಹಾಳೆಯನ್ನು ಮಾತ್ರ ಮತ್ತೆ ಫ್ರೀಜರಿಗೆ ಸೇರಿಸಬಾರದು. ಪೊಟ್ಟಣದಲ್ಲಿ ಎರಡು ಹಾಳೆಗಳಿದ್ದು ಎರಡೂ ಕರಗಿದ್ದರೆ, ಒಂದರಲ್ಲಿ ಪಾಲ್ಮಿಯೆ ಮಾಡಿ, ಇನ್ನೊಂದನ್ನು ಎರಡು ಭಾಗ ಮಾಡಿ ಅದೇ ದಿನ ಸಣ್ಣದೊಂದು ದಿಲ್‌ಪಸಂದ್ ಮಾಡಿಬಿಡುವುದು ಒಳ್ಳೆಯದು.